ನಗರದ ನಡುವೆ ನೀಲಿ ಚಿಟ್ಟೆ

ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಮಾತು ಬಂದಾಗ ಹುಲಿ, ಆನೆ, ಘೇಂಡಾಮೃಗಗಳು ಕಣ್ಣ ಮುಂದೆ ನಿಲ್ಲುತ್ತವೆ. ಅವು ದೊಡ್ಡ ಪ್ರಾಣಿಗಳು. ಅವುಗಳ ನೆಲೆ ದೂರದ ಕಾಡು. ಆದುದರಿಂದ ವನ್ಯಜೀವಿಗಳ ರಕ್ಷಣೆ ಅರಣ್ಯ ಇಲಾಖೆಯ ಕೆಲಸ, ಪಟ್ಟಣದಲ್ಲಿ ವಾಸಿಸುವವರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಬೆಳೆದುಬಂದಿದೆ. ಈ ಭಾವನೆ ಎಷ್ಟು ತಪ್ಪೆಂಬುದನ್ನು ಹೆಬ್ಬೆರಳಿನ ಉದ್ದವೂ ಇಲ್ಲದ ಎರಡು ನೀಲಿ ಚಿಟ್ಟೆಗಳ ಕಥೆ ತೋರಿಸಿಕೊಡುತ್ತದೆ. ಎರಡೂ ಒಂದೇ ನಗರದಲ್ಲಿ ಬಾಳಿದವು. ಒಂದು ಜನರ ಕಣ್ಣೆದುರಿಗೇ ಸಂಪೂರ್ಣವಾಗಿ ಅಳಿದುಹೋಯಿತು. ಇನ್ನೊಂದು ಅಳಿವಿನ ಅಂಚಿಗೆ ಬಂದು, ಮನುಷ್ಯನ ಕೈಯಾಸರೆಯಿಂದ ಇನ್ನೂ ಉಳಿದುಕೊಂಡಿದೆ. ಮೊದಲನೆಯದು ಏಕೆ ಹೋಯಿತು, ಎರಡನೆಯದು ಹೇಗೆ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ ಚಿಟ್ಟೆಯ ಬಾಳಿನ ಕ್ರಮವನ್ನು ಮೊದಲು ಅರಿಯಬೇಕು.

ಚಿಟ್ಟೆಯ ಬಾಳಿನಲ್ಲಿ ನಾಲ್ಕು ಹಂತಗಳುಂಟು. ಮೊದಲನೆಯದು ಮೊಟ್ಟೆ. ಮೊಟ್ಟೆಯೊಡೆದು ಬರುವುದು ಮರಿಹುಳು. ಮರಿಹುಳು ಹಗಲಿರುಳೂ ತಿಂದು, ಹಲವು ಸಲ ಪೊರೆ ಕಳಚಿ, ದೊಡ್ಡದಾಗಿ, ಕೊನೆಗೆ ಅಲುಗಾಡದೆ ನಿಂತು ಕೋಶವಾಗುತ್ತದೆ. ಕೋಶದೊಳಗೆ ಅದರ ದೇಹ ಪೂರ್ತಿಯಾಗಿ ಮಾರ್ಪಡುತ್ತದೆ. ಕೆಲವು ಕಾಲದ ಬಳಿಕ ರೆಕ್ಕೆಯುಳ್ಳ ಚಿಟ್ಟೆ ಹೊರಬರುತ್ತದೆ. ಜನರು ಕಂಡು ಮೆಚ್ಚುವುದು ಈ ಕೊನೆಯ ಹಂತವನ್ನು ಮಾತ್ರ. ಆದರೆ ಎಷ್ಟೋ ಚಿಟ್ಟೆಗಳಲ್ಲಿ ಅದು ಬಹಳ ಚಿಕ್ಕ ಹಂತ. ಚಿಟ್ಟೆಗೆ ಅಗಿಯುವ ಬಾಯಿಲ್ಲ. ಸುರುಳಿ ಸುತ್ತಿಕೊಂಡ ಸಣ್ಣ ಹೀರುಗೊಳವೆಯಿಂದ ಅದು ಹೂವಿನ ಮಕರಂದವನ್ನು ಹೀರುತ್ತದೆ. ದೇಹದ ಬೆಳವಣಿಗೆಯೆಲ್ಲ ನಡೆಯುವುದು ಮರಿಹುಳುವಾಗಿದ್ದಾಗ. ಆಗ ಅದಕ್ಕೆ ಬೇಕಾದುದು ಹೂವಲ್ಲ, ಎಲೆ.

ಎಲೆಯೆಂದರೆ ಯಾವ ಎಲೆಯಾದರೂ ಆದೀತೆ? ಆಗದು. ಒಂದೊಂದು ಜಾತಿಯ ಮರಿಹುಳುವಿಗೂ ತನ್ನದೇ ಆದ ಕೆಲವು ಗಿಡಗಳುಂಟು. ಮನೆಯ ಹಿತ್ತಲಿನ ನಿಂಬೆ, ಕರಿಬೇವಿನ ಗಿಡಗಳಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳನ್ನು ಅನೇಕರು ಕಂಡಿರಬಹುದು. ಅವು ನಿಂಬೆ ಚಿಟ್ಟೆಯ ಮರಿಗಳು. ಎಕ್ಕದ ಗಿಡದ ಮೇಲೆ ಕಪ್ಪು, ಹಳದಿ, ಬಿಳಿಯ ಪಟ್ಟೆಗಳ ಇನ್ನೊಂದು ಬಗೆಯ ಹುಳು ಇರುತ್ತದೆ. ಕಕ್ಕೆಯ ಮರಕ್ಕೆ ಒಂದು ಚಿಟ್ಟೆ, ಕಣಗಿಲೆಗೆ ಒಂದು, ಸಂಪಿಗೆಗೆ ಒಂದು, ಈಶ್ವರಿ ಬಳ್ಳಿಗೆ ಇನ್ನೊಂದು. ಎಕ್ಕದ ಹುಳುವನ್ನು ನಿಂಬೆಯ ಗಿಡದ ಮೇಲೆ ಬಿಟ್ಟರೆ ಸುತ್ತಲೂ ಹಸುರೆಲೆ ತುಂಬಿದ್ದರೂ ಅದು ಹಸಿವಿನಿಂದ ಸಾಯುತ್ತದೆ. ಆದುದರಿಂದಲೇ ಹೆಣ್ಣು ಚಿಟ್ಟೆಯು ಮೊಟ್ಟೆಯಿಡುವ ಮುನ್ನ ಎಲೆಯಿಂದೆಲೆಗೆ ಹಾರಿ, ಮುಂಗಾಲುಗಳಿಂದ ಎಲೆಯನ್ನು ತಟ್ಟಿ ರುಚಿ ನೋಡುತ್ತದೆ. ತನ್ನ ಮರಿಗೆ ತಕ್ಕ ಗಿಡವೆಂದು ಖಚಿತವಾದ ಮೇಲೆಯೇ ಅಲ್ಲಿ ಮೊಟ್ಟೆಯಿಡುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಹೂವು ತುಂಬಿದ ತೋಟ ಚಿಟ್ಟೆಗೆ ಊಟದ ಮನೆಯಾಗಬಹುದು, ಆದರೆ ಹೆರಿಗೆಯ ಮನೆಯಾಗಲಾರದು. ಆಹಾರದ ಗಿಡವಿಲ್ಲದ ಕಡೆ ಚಿಟ್ಟೆ ಬಂದುಹೋಗುವ ಅತಿಥಿ ಮಾತ್ರ. ಒಂದು ಚಿಟ್ಟೆಯ ಗಿಡ ಎಲ್ಲೆಲ್ಲೂ ಬೆಳೆಯುವಂತಹುದಾದರೆ ಆ ಚಿಟ್ಟೆಗೆ ಭಯವಿಲ್ಲ. ಆ ಗಿಡವು ಒಂದು ಬಗೆಯ ನೆಲದಲ್ಲಿ ಮಾತ್ರ ಬೆಳೆಯುವಂತಹುದಾಗಿ, ಆ ನೆಲ ಒಂದೇ ಊರಿನಲ್ಲಿದ್ದು, ಆ ಊರು ನಗರವಾಗಿ ಬೆಳೆದರೆ ಆ ಚಿಟ್ಟೆಯ ಗತಿಯೇನು? ಅಮೆರಿಕದ ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದುದು ಇದೇ.

ಸಾನ್ ಫ್ರಾನ್ಸಿಸ್ಕೋ ನಗರವಿರುವುದು ಒಂದು ಪರ್ಯಾಯದ್ವೀಪದ ತುದಿಯಲ್ಲಿ. ಅದರ ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ, ಪೂರ್ವಕ್ಕೆ ವಿಶಾಲವಾದ ಕೊಲ್ಲಿ, ನಡುವೆ ಹಲವು ಬೆಟ್ಟಗುಡ್ಡಗಳು. ಬೇಸಗೆಯಲ್ಲಿಯೂ ಸಾಗರದಿಂದ ತಣ್ಣನೆಯ ಮಂಜು ಹಬ್ಬಿ ನಗರವನ್ನು ಮುಸುಕುತ್ತದೆ. ಒಂದು ಕಾಲದಲ್ಲಿ ಅದರ ಪಶ್ಚಿಮ ಭಾಗವೆಲ್ಲ ಗಾಳಿ ಹೊತ್ತು ತಂದ ಮರಳಿನ ದಿಬ್ಬಗಳಿಂದ ಕೂಡಿತ್ತು. ನೋಡುವವರಿಗೆ ಅದು ಬರಿಯ ಬಂಜರು. ಆದರೆ ಆ ಮರಳಿನಲ್ಲಿ ಬೇರೂರಿ, ಉಪ್ಪುಗಾಳಿಯನ್ನು ತಡೆದು ಬಾಳುವ ಗಿಡಗಳಿದ್ದವು. ಅವುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಒಂದು ಡಿಯರ್‌ವೀಡ್ ಎಂಬ ಹಳದಿ ಹೂವಿನ ಕುಳ್ಳು ಪೊದೆ. ಇನ್ನೊಂದು ಅಂಗೈಯ ಬೆರಳುಗಳಂತೆ ಎಲೆ ಹರಡುವ ಲೂಪಿನ್ ಗಿಡ. ಎರಡೂ ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದವು.

ಈ ಗಿಡಗಳನ್ನು ಆಶ್ರಯಿಸಿ ಮರಳುದಿಬ್ಬಗಳಲ್ಲಿ ಒಂದು ಚಿಟ್ಟೆ ಬಾಳುತ್ತಿತ್ತು. ಗಂಡಿನ ರೆಕ್ಕೆಯ ಮೇಲ್ಭಾಗ ನೇರಳೆ ಬೆರೆತ ನೀಲಿ, ಹೆಣ್ಣಿನದು ಕಂದು. ರೆಕ್ಕೆ ಮಡಿಸಿ ಕುಳಿತಾಗ ಕೆಳಭಾಗದಲ್ಲಿ ಬಿಳಿಯ ಚುಕ್ಕೆಗಳು ಕಾಣುತ್ತಿದ್ದವು. 1852ರಲ್ಲಿ ಬ್ವಾಡುವಾಲ್ ಎಂಬ ಫ್ರೆಂಚ್ ವಿಜ್ಞಾನಿ ಅದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಪ್ರಾಚೀನ ಪರ್ಷಿಯದ ದೊರೆಯೊಬ್ಬನ ಹೆಸರನ್ನು ಫ್ರೆಂಚ್ ರೂಪದಲ್ಲಿ ಅದಕ್ಕೆ ಇಟ್ಟನು. ಅಂದಿನಿಂದ ಅದು ಜರ್ಸೀಸ್ ನೀಲಿ ಎನಿಸಿಕೊಂಡಿತು. ದೊರೆಯ ಹೆಸರು ದೊರೆತರೂ ಅದರ ರಾಜ್ಯ ಬಹಳ ಚಿಕ್ಕದು. ಆ ಪರ್ಯಾಯದ್ವೀಪದ ಮರಳುನೆಲವನ್ನು ಬಿಟ್ಟರೆ ಜಗತ್ತಿನ ಬೇರಾವ ಕಡೆಯೂ ಅದು ಇರಲಿಲ್ಲ.

ಚಿಟ್ಟೆಗೆ ಹೆಸರು ಬರುವ ಹೊತ್ತಿಗೆ ಅದರ ನೆಲದ ಭವಿಷ್ಯ ಆಗಲೇ ಬದಲಾಗಿತ್ತು. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. ಆಗ ಸಾನ್ ಫ್ರಾನ್ಸಿಸ್ಕೋ ಸುಮಾರು ಸಾವಿರ ಜನರ ಹಳ್ಳಿ. ಚಿನ್ನದ ಆಸೆಗೆ ದೇಶದೇಶಗಳಿಂದ ಜನ ಹಡಗೇರಿ ಬಂದರು. 1900ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ ಮೂರು ಲಕ್ಷ ನಲವತ್ತು ಸಾವಿರವನ್ನು ದಾಟಿತ್ತು. 1906ರಲ್ಲಿ ಭೂಕಂಪವೂ ಅದರ ಬೆನ್ನಲ್ಲೇ ಎದ್ದ ಬೆಂಕಿಯೂ ನಗರದ ಬಹುಭಾಗವನ್ನು ನಾಶಮಾಡಿದವು. ನೆಲೆ ಕಳೆದುಕೊಂಡವರಿಗೆ ಹೊಸ ಮನೆಗಳು ಬೇಕಾದವು. ನಗರ ಪಶ್ಚಿಮದ ಮರಳಿನತ್ತ ಚಾಚಿಕೊಂಡಿತು. ದಿಬ್ಬಗಳನ್ನು ಸಮಮಾಡಿ ಬೀದಿಗಳನ್ನು ಎಳೆದರು, ಸಾಲುಸಾಲಾಗಿ ಮನೆಗಳೆದ್ದವು. ಮರಳು ಹಾರದಂತೆ ಹೊರನಾಡಿನ ಹುಲ್ಲುಗಳನ್ನೂ ಮರಗಳನ್ನೂ ನೆಟ್ಟರು. ಯಾರಿಗೂ ಚಿಟ್ಟೆಯ ಮೇಲೆ ದ್ವೇಷವಿರಲಿಲ್ಲ. ಮನೆ ಕಟ್ಟಿಕೊಂಡವರಾರೂ ತಪ್ಪಿತಸ್ಥರಲ್ಲ. ಒಬ್ಬೊಬ್ಬರೂ ಒಂದೊಂದು ತುಂಡು ಮರಳನ್ನು ಮಾತ್ರ ತೆಗೆದುಕೊಂಡರು. ಹಾಗೆ ಎಲ್ಲರೂ ತೆಗೆದುಕೊಂಡ ಮೇಲೆ ಚಿಟ್ಟೆಗೆ ಏನೂ ಉಳಿಯಲಿಲ್ಲ.

ನೆಲದೊಡನೆ ಮತ್ತೊಂದು ಆಸರೆಯೂ ತಪ್ಪಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ನೀಲಿ ಚಿಟ್ಟೆಗಳ ಗುಂಪಿಗೆ ಸೇರಿದ ಅನೇಕ ಮರಿಹುಳುಗಳಿಗೂ ಇರುವೆಗಳಿಗೂ ಒಂದು ವಿಚಿತ್ರ ಸ್ನೇಹವಿದೆ. ಮರಿಹುಳು ತನ್ನ ಮೈಯಿಂದ ಸಿಹಿಯಾದ ದ್ರವವನ್ನು ಒಸರಿಸುತ್ತದೆ. ಅದನ್ನು ಸವಿಯಲು ಬರುವ ಇರುವೆಗಳು ಹುಳುವಿನ ಸುತ್ತ ಕಾವಲಿದ್ದು ಶತ್ರುಕೀಟಗಳನ್ನು ಓಡಿಸುತ್ತವೆ. ದಕ್ಷಿಣ ಅಮೆರಿಕದಿಂದ ಸರಕಿನೊಡನೆ ಬಂದಿಳಿದ ಅರ್ಜೆಂಟೀನದ ಇರುವೆ ಕ್ಯಾಲಿಫೋರ್ನಿಯದ ಸ್ಥಳೀಯ ಇರುವೆಗಳನ್ನು ಬಹುಮಟ್ಟಿಗೆ ಹೊರದೂಡಿತು. ಹೀಗೆ ಗಿಡವೂ ಕಾವಲುಗಾರರೂ ಇಲ್ಲವಾದಾಗ ಜರ್ಸೀಸ್ ನೀಲಿ ಎರಡು ಕಡೆಯಿಂದಲೂ ಅನಾಥವಾಯಿತು.

ಕೊನೆಗೆ ಪ್ರಿಸಿಡಿಯೋ ಎಂಬ ಸೈನ್ಯದ ನೆಲೆಯ ಆವರಣದಲ್ಲಿ, ಒಂದು ಹೊಳೆಯ ಪಕ್ಕದ ಮರಳಿನಲ್ಲಿ ಮಾತ್ರ ಆ ಚಿಟ್ಟೆ ಉಳಿದಿತ್ತು. 1940ರ ದಶಕದ ಮೊದಲ ವರ್ಷಗಳ ಬಳಿಕ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಗರದ ಬೆಳವಣಿಗೆಯಿಂದ ಅಮೆರಿಕದಲ್ಲಿ ಅಳಿದುಹೋದ ಮೊದಲ ಚಿಟ್ಟೆಯೆಂದು ಅದನ್ನು ಹೇಳುತ್ತಾರೆ. ಈಗ ಅದು ಇರುವುದು ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ, ಸೂಜಿಗೆ ಚುಚ್ಚಿದ ಸಾಲುಗಳಾಗಿ. ಷಿಕಾಗೋ ನಗರದ ಸಂಗ್ರಹಾಲಯದಲ್ಲಿದ್ದ, 1928ರಲ್ಲಿ ಹಿಡಿದ ಒಂದು ಚಿಟ್ಟೆಯ ದೇಹದಿಂದ ಅತಿ ಸಣ್ಣ ತುಣುಕನ್ನು ತೆಗೆದು, ಅದರ ಡಿ.ಎನ್.ಎ.ಯನ್ನು ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅದು ಬೇರೆ ಯಾವುದೋ ಚಿಟ್ಟೆಯ ಬಣ್ಣಭೇದವಲ್ಲ, ಸ್ವತಂತ್ರವಾದ ಒಂದು ಜಾತಿಯೇ ಎಂದು ಅದರಿಂದ ತಿಳಿದುಬಂದಿತು. ಕಳೆದುಕೊಂಡುದು ಎಂತಹುದೆಂಬುದು ಕಳೆದುಕೊಂಡು ಎಪ್ಪತ್ತೈದು ವರ್ಷಗಳು ಕಳೆದ ಮೇಲೆ ಹೀಗೆ ಖಚಿತವಾಯಿತು.

ಇನ್ನು ಎರಡನೆಯ ಚಿಟ್ಟೆಯ ಕಥೆ. ಇದರ ಹೆಸರು ಮಿಷನ್ ನೀಲಿ. ಸಾನ್ ಫ್ರಾನ್ಸಿಸ್ಕೋದ ಮಿಷನ್ ಎಂಬ ಬಡಾವಣೆಯಲ್ಲಿ ಮೊದಲು ಗುರುತಿಸಿದುದರಿಂದ ಅದಕ್ಕೆ ಈ ಹೆಸರು. 1937ರಲ್ಲಿ ಅದರ ಶಾಸ್ತ್ರೀಯ ವಿವರಣೆ ಹೊರಬಂದಿತು. ರೆಕ್ಕೆ ಬಿಚ್ಚಿದರೆ ಅದರ ಅಗಲ ಒಂದರಿಂದ ಒಂದೂವರೆ ಅಂಗುಲ. ಇದರ ನೆಲೆ ಮರಳಲ್ಲ, ಬೆಟ್ಟದ ಹುಲ್ಲುಗಾವಲು. ಅಲ್ಲಿ ಬೆಳೆಯುವ ಮೂರು ಬಗೆಯ ಲೂಪಿನ್ ಗಿಡಗಳ ಮೇಲೆಯೇ ಹೆಣ್ಣು ಮೊಟ್ಟೆಯಿಡುತ್ತದೆ. ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಹುಳು ಸ್ವಲ್ಪ ಕಾಲ ಎಲೆ ತಿಂದು, ಗಿಡದ ಬುಡದಲ್ಲಿ ಬಿದ್ದ ತರಗಿನೊಳಗೆ ಸೇರಿ ನಿದ್ರಿಸುತ್ತದೆ. ಬೇಸಗೆ ಕಳೆದು, ಮಳೆಗಾಲ ಬಂದು, ಮುಂದಿನ ವಸಂತದಲ್ಲಿ ಲೂಪಿನ್ ಹೊಸದಾಗಿ ಚಿಗುರಿದಾಗ ಎದ್ದು ಮತ್ತೆ ತಿನ್ನತೊಡಗುತ್ತದೆ. ಬಳಿಕ ಕೋಶವಾಗಿ, ಚಿಟ್ಟೆಯಾಗಿ ಹಾರುತ್ತದೆ. ಹಾರಾಡುವ ಆಯುಷ್ಯ ಒಂದು ವಾರ, ಹತ್ತು ದಿನ. ವರ್ಷಕ್ಕೆ ಒಂದೇ ಪೀಳಿಗೆ. ವರ್ಷದ ಬಹುಭಾಗ ಅದು ಯಾರಿಗೂ ಕಾಣದಂತೆ ನೆಲದ ತರಗಿನಲ್ಲಿ ಮಲಗಿರುವುದರಿಂದ, ಒಂದು ಗಿಡದ ಬುಡವನ್ನು ಅಗೆದರೆ ಒಂದು ಪೀಳಿಗೆಯನ್ನೇ ಅಗೆದಂತಾಗುತ್ತದೆ.

ಈ ಚಿಟ್ಟೆಯ ದೊಡ್ಡ ನೆಲೆ ನಗರದ ದಕ್ಷಿಣದ ಗಡಿಯಲ್ಲಿರುವ ಸಾನ್ ಬ್ರೂನೊ ಪರ್ವತ. ಅದು ಸುಮಾರು 1,300 ಅಡಿ ಎತ್ತರದ ಬೆಟ್ಟ. ನಾಲ್ಕೂ ಕಡೆ ಊರುಗಳು ಬೆಳೆದು ಅದನ್ನು ಸಮುದ್ರದ ನಡುವಿನ ದ್ವೀಪದಂತೆ ಸುತ್ತುವರಿದಿವೆ. 1960ರ ದಶಕದಲ್ಲಿ ಈ ಬೆಟ್ಟದ ನೆತ್ತಿಯನ್ನು ಕಡಿದು, ಆ ಮಣ್ಣಿನಿಂದ ಕೊಲ್ಲಿಯನ್ನು ತುಂಬಿ, ಹೊಸ ನೆಲ ಮಾಡಬೇಕೆಂಬ ಯೋಜನೆಯೊಂದು ಹುಟ್ಟಿತ್ತು. ಕೊಲ್ಲಿಯನ್ನು ಉಳಿಸಬೇಕೆಂದು ನಾಗರಿಕರು ಹೂಡಿದ ಚಳವಳಿಯಿಂದ ಅದು ಕೈಗೂಡಲಿಲ್ಲ. ಬಳಿಕ ಬೆಟ್ಟದ ಇಳಿಜಾರುಗಳಲ್ಲಿ ಸಾವಿರಾರು ಮನೆಗಳನ್ನು ಕಟ್ಟುವ ಆಲೋಚನೆ ಬಂದಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1971ರಲ್ಲಿ ರಾಬರ್ಟ್ ಮೈಕೇಲ್ ಪೈಲ್ ಎಂಬ ಚಿಟ್ಟೆತಜ್ಞರು ಕೀಟಗಳೇ ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿ, ಅಳಿದ ಚಿಟ್ಟೆಯ ನೆನಪಿಗೆ ಜರ್ಸೀಸ್ ಸಂಘವೆಂದೇ ಹೆಸರಿಟ್ಟರು. 1973ರಲ್ಲಿ ಅಮೆರಿಕ ಸರಕಾರವು ಅಳಿವಿನಂಚಿನ ಜೀವಿಗಳ ರಕ್ಷಣೆಗೆ ಕಾಯಿದೆ ಮಾಡಿತು. 1976ರಲ್ಲಿ ಕ್ಯಾಲಿಫೋರ್ನಿಯದ ಆರು ಚಿಟ್ಟೆಗಳು ಆ ಕಾಯಿದೆಯ ರಕ್ಷಣೆಗೆ ಒಳಪಟ್ಟವು; ಮಿಷನ್ ನೀಲಿಯೂ ಅವುಗಳಲ್ಲೊಂದು. ಕಾಯಿದೆಯ ಪ್ರಕಾರ ಅಂತಹ ಜೀವಿಯನ್ನು ಕೊಲ್ಲುವುದು ಅಪರಾಧ. ಆದರೆ ಬೆಟ್ಟದ ಒಂದು ಭಾಗ ಖಾಸಗಿಯವರ ಸ್ವತ್ತು. ಒಡೆಯನಿಗೆ ತನ್ನ ನೆಲದಲ್ಲಿ ಮನೆ ಕಟ್ಟುವ ಹಕ್ಕು. ಚಿಟ್ಟೆಗೆ ಅದೇ ನೆಲದಲ್ಲಿ ಬದುಕುವ ಹಕ್ಕು. ಈ ಎರಡನ್ನೂ ಹೊಂದಿಸುವುದು ಹೇಗೆ?

1980 ಮತ್ತು 1981ರಲ್ಲಿ ಜೀವಶಾಸ್ತ್ರಜ್ಞರು ಬೆಟ್ಟವನ್ನೆಲ್ಲ ನಡೆದು ಪರಿಶೀಲಿಸಿದರು. ಚಿಟ್ಟೆಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು, ಅವು ಎಲ್ಲೆಲ್ಲಿ ಎಷ್ಟೆಷ್ಟು ಇವೆ, ಎಷ್ಟು ದೂರ ಹಾರುತ್ತವೆ ಎಂಬುದನ್ನು ಲೆಕ್ಕ ಹಾಕಿದರು. ಆ ಆಧಾರದ ಮೇಲೆ 1982ರಲ್ಲಿ ಒಂದು ಒಪ್ಪಂದವಾಯಿತು. ಬೆಟ್ಟದ ಅಂಚಿನ ಕೆಲವು ಭಾಗಗಳಲ್ಲಿ ಮನೆ ಕಟ್ಟಬಹುದು. ಉಳಿದ ಬಹುಭಾಗವನ್ನು ಶಾಶ್ವತವಾಗಿ ಬಯಲಾಗಿಯೇ ಬಿಡಬೇಕು. ಕಟ್ಟಿದ ಮನೆಗಳವರು ಪ್ರತಿವರ್ಷ ಒಂದು ಸಣ್ಣ ಮೊತ್ತವನ್ನು ಬೆಟ್ಟದ ಪಾಲನೆಗಾಗಿ ಕೊಡಬೇಕು. ಇಂತಹ ಏರ್ಪಾಟಿಗೆ ಅವಕಾಶವಾಗುವಂತೆ ಅದೇ ವರ್ಷ ಕಾಯಿದೆಯನ್ನೂ ತಿದ್ದಿದರು. ಆ ದೇಶದಲ್ಲಿ ಈ ಬಗೆಯ ನೆಲೆರಕ್ಷಣಾ ಯೋಜನೆಗಳಲ್ಲಿ ಇದೇ ಮೊದಲನೆಯದು. ಇದನ್ನು ಎಲ್ಲರೂ ಮೆಚ್ಚಲಿಲ್ಲ. ರಕ್ಷಣೆಯ ಹೆಸರಿನಲ್ಲಿ ನಾಶಕ್ಕೆ ಪರವಾನಗಿ ಕೊಟ್ಟಂತಾಯಿತೆಂದು ಆಕ್ಷೇಪಿಸಿದವರುಂಟು. ಒಪ್ಪಂದವಿಲ್ಲದಿದ್ದರೆ ಬೆಟ್ಟವೇ ಉಳಿಯುತ್ತಿರಲಿಲ್ಲವೆಂದು ಸಮರ್ಥಿಸಿದವರೂ ಉಂಟು. ವಿವಾದವೇನೇ ಇರಲಿ, ಮನೆ ಕಟ್ಟುವ ಮೊದಲು ಅಲ್ಲಿ ಆಗಲೇ ವಾಸವಾಗಿರುವವರು ಯಾರೆಂದು ಕೇಳುವ ಪದ್ಧತಿ ಅಂದು ಪ್ರಾರಂಭವಾಯಿತು.

ನೆಲವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯೂರೋಪಿನಿಂದ ಬೇಲಿಗೂ ಅಲಂಕಾರಕ್ಕೂ ತಂದಿದ್ದ ಗಾರ್ಸ್ ಮತ್ತು ಬ್ರೂಮ್ ಎಂಬ ಹಳದಿ ಹೂವಿನ ಪೊದೆಗಳು ತೋಟಗಳಿಂದ ತಪ್ಪಿಸಿಕೊಂಡು ಬೆಟ್ಟವನ್ನೇರಿದವು. ಗಾರ್ಸ್ ಮೈಯೆಲ್ಲ ಮುಳ್ಳು. ಅದು ಬೆಳೆದ ಕಡೆ ಬೇರೆ ಗಿಡಕ್ಕೆ ಬಿಸಿಲೂ ಇಲ್ಲ, ಮಣ್ಣೂ ಇಲ್ಲ. ಅಷ್ಟೇ ಅಲ್ಲ, ಬೆಟ್ಟದ ಸ್ವಂತ ಪೊದೆಗಳು ಕೂಡ ಮೇಯುವ ದನವಾಗಲಿ ಆಗಾಗ ಬೀಳುವ ಬೆಂಕಿಯಾಗಲಿ ಇಲ್ಲದಿದ್ದರೆ ಹುಲ್ಲುಗಾವಲನ್ನು ಮೆಲ್ಲಮೆಲ್ಲನೆ ಆಕ್ರಮಿಸುತ್ತವೆ. ಲೂಪಿನ್ ತೆರೆದ ಬಯಲಿನ ಗಿಡ. ಪೊದೆಯ ನೆರಳಿನಲ್ಲಿ ಅದು ಬಾಳದು. ಆದುದರಿಂದ ಬೆಟ್ಟಕ್ಕೆ ಬೇಲಿ ಹಾಕಿ ಸುಮ್ಮನಿದ್ದರೆ ಚಿಟ್ಟೆ ಉಳಿಯುವುದಿಲ್ಲ. ಕಳೆಯನ್ನು ಬೇರುಸಹಿತ ಕೀಳಬೇಕು, ಪೊದೆಯನ್ನು ಸವರಬೇಕು, ಲೂಪಿನ್ ಸಸಿಗಳನ್ನು ಬೆಳೆಸಿ ನೆಡಬೇಕು. ಮರುವರ್ಷ ಇದನ್ನೇ ಮತ್ತೆ ಮಾಡಬೇಕು. ರಜಾದಿನಗಳಲ್ಲಿ ಗುದ್ದಲಿ ಹಿಡಿದು ಬೆಟ್ಟ ಹತ್ತುವ ನಾಗರಿಕರು ಈ ಕೆಲಸದಲ್ಲಿ ಕೈಜೋಡಿಸಿದ್ದಾರೆ. ಮನೆಯ ಅಂಗಳವನ್ನು ಒಂದು ದಿನ ಗುಡಿಸಿದರೆ ಸಾಲದು, ದಿನವೂ ಗುಡಿಸಬೇಕು. ಚಿಟ್ಟೆಯ ಅಂಗಳವೂ ಹಾಗೆಯೇ.

ತುಂಡಾದ ನೆಲೆಗಳಿಗೆ ಇನ್ನೊಂದು ಅಪಾಯವಿದೆ. ನಗರದ ನಡುವೆ ಟ್ವಿನ್ ಪೀಕ್ಸ್ ಎಂಬ ಜೋಡಿಬೆಟ್ಟಗಳಿವೆ. ಅಲ್ಲಿಯೂ ಮಿಷನ್ ನೀಲಿ ಬಾಳುತ್ತಿತ್ತು. 1998ರ ಸುಮಾರಿಗೆ ಅತಿಯಾದ ಮಳೆಯಿಂದ ಲೂಪಿನ್ ಗಿಡಗಳಿಗೆ ಬೂಷ್ಟು ರೋಗ ತಗುಲಿ ಅವು ಬಹಳವಾಗಿ ಸತ್ತವು. ಗಿಡದೊಡನೆ ಚಿಟ್ಟೆಯೂ ಕಾಣದಾಯಿತು. ಹಿಂದಿನ ಕಾಲದಲ್ಲಾಗಿದ್ದರೆ ಪಕ್ಕದ ಗುಡ್ಡದಿಂದ ನಾಲ್ಕು ಚಿಟ್ಟೆಗಳು ಹಾರಿಬಂದು ಮತ್ತೆ ಸಂಸಾರ ಹೂಡುತ್ತಿದ್ದವು. ಈಗ ನಡುವೆ ಇರುವುದು ಮನೆಗಳ ಕಡಲು. ಅದನ್ನು ದಾಟುವ ಶಕ್ತಿ ಆ ಪುಟ್ಟ ರೆಕ್ಕೆಗಳಿಗಿಲ್ಲ. ಆಗ ಮನುಷ್ಯನೇ ಅಂಬಿಗನಾಗಬೇಕಾಯಿತು. ಟ್ವಿನ್ ಪೀಕ್ಸಿನಲ್ಲಿ ಲೂಪಿನ್ ಗಿಡಗಳನ್ನು ಹೊಸದಾಗಿ ಬೆಳೆಸಿದರು. 2009ರಲ್ಲಿ ಸಾನ್ ಬ್ರೂನೊ ಪರ್ವತದಿಂದ ಮೊಟ್ಟೆಯಿಡಲು ಸಿದ್ಧವಾದ ಹೆಣ್ಣು ಚಿಟ್ಟೆಗಳನ್ನು ಜಾಗರೂಕತೆಯಿಂದ ತಂದು, ಬಲೆ ಮುಚ್ಚಿದ ಗಿಡಗಳ ಮೇಲೆ ಬಿಟ್ಟರು. ಮುಂದಿನ ವರ್ಷಗಳಲ್ಲಿಯೂ ಹೀಗೆಯೇ ತಂದರು. ಚಿಟ್ಟೆ ಅಲ್ಲಿ ಮತ್ತೆ ಮೊಟ್ಟೆಯಿಟ್ಟು ಮರಿಮಾಡತೊಡಗಿತು.

ಇದೇ ರಾಜ್ಯದ ದಕ್ಷಿಣದಲ್ಲಿರುವ ಲಾಸ್ ಏಂಜಲಿಸ್ ನಗರದ ಅನುಭವ ಇನ್ನೊಂದು ಪಾಠವನ್ನು ಹೇಳುತ್ತದೆ. ಅಲ್ಲಿನ ದೊಡ್ಡ ವಿಮಾನ ನಿಲ್ದಾಣದ ಪಶ್ಚಿಮಕ್ಕೆ, ಸಮುದ್ರದ ಅಂಚಿನಲ್ಲಿ ಮರಳುದಿಬ್ಬಗಳಿವೆ. ಅವುಗಳ ಮೇಲೆ ಹಿಂದೆ ಒಂದು ಬಡಾವಣೆಯಿತ್ತು. ವಿಮಾನಗಳ ಅಬ್ಬರ ಹೆಚ್ಚಿದಾಗ ಅಲ್ಲಿನ ಜನರನ್ನು ಬೇರೆ ಕಡೆಗೆ ಕಳುಹಿಸಿ ಮನೆಗಳನ್ನು ತೆಗೆದರು. ಮನುಷ್ಯನು ಬಿಟ್ಟುಹೋದ ಆ ನೆಲದಲ್ಲಿ ಎಲ್ ಸೆಗುಂಡೊ ನೀಲಿ ಎಂಬ ಚಿಟ್ಟೆ ಬದುಕಿತ್ತು. ಇದೂ 1976ರ ಪಟ್ಟಿಯ ಆರರಲ್ಲಿ ಒಂದು. ಇದರ ಮರಿಹುಳು ಕಡಲತೀರದ ಬಕ್‌ವೀಟ್ ಎಂಬ ಗಿಡದ ಹೂವನ್ನೇ ತಿಂದು ಬೆಳೆಯುತ್ತದೆ. 1975ರಲ್ಲಿ ಸಡಿಲವಾದ ಮರಳನ್ನು ಹಿಡಿದಿಡಲು ಅಲ್ಲಿ ಬೀಜಗಳನ್ನು ಬಿತ್ತಿದರು. ಅವುಗಳಲ್ಲಿ ಬಕ್‌ವೀಟ್ ಬೀಜವೂ ಇತ್ತು. ಆದರೆ ಅದು ಅದೇ ಹೆಸರಿನ ಬೇರೊಂದು ಜಾತಿಯದು. ಆ ಗಿಡ ಬೇಗನೆ ಹೂಬಿಟ್ಟು, ಚಿಟ್ಟೆಯೊಡನೆ ಆಹಾರಕ್ಕೆ ಸ್ಪರ್ಧಿಸುವ ಬೇರೆ ಕೀಟಗಳನ್ನು ಬೆಳೆಸಿತು. ಚಿಟ್ಟೆಗೆ ಲಾಭವಾಗುವ ಬದಲು ಹಾನಿಯಾಯಿತು. ತಪ್ಪು ತಿಳಿದ ಬಳಿಕ ಅದನ್ನು ಕಿತ್ತು, ಆ ಮರಳಿನದೇ ಆದ ಬಕ್‌ವೀಟನ್ನು ಬೆಳೆಸಿದಾಗ ಚಿಟ್ಟೆಗಳ ಸಂಖ್ಯೆ ಏರಿತು. ಹಸುರೆಲ್ಲ ಒಂದೇ ಅಲ್ಲ. ಗಿಡ ನೆಡುವ ಉತ್ಸಾಹದೊಡನೆ ಗಿಡವನ್ನು ಅರಿಯುವ ತಾಳ್ಮೆಯೂ ಬೇಕು.

ಸರಿಯಾದ ಗಿಡಕ್ಕಿರುವ ಶಕ್ತಿ ಎಷ್ಟೆಂಬುದನ್ನೂ ಅದೇ ಚಿಟ್ಟೆ ತೋರಿಸಿತು. ನಿಲ್ದಾಣದ ದಕ್ಷಿಣಕ್ಕಿರುವ ರೆಡಾಂಡೊ ಮತ್ತು ಟಾರೆನ್ಸ್ ಎಂಬ ಊರುಗಳ ಕಡಲತೀರದ ದಿಣ್ಣೆಗಳಲ್ಲಿ ಹೊರನಾಡಿನ ಗಿಡಗಳನ್ನು ತೆಗೆದು ಸ್ಥಳೀಯ ಬಕ್‌ವೀಟನ್ನು ನೆಟ್ಟಿದ್ದರು. ಚಿಟ್ಟೆಯನ್ನು ಯಾರೂ ಅಲ್ಲಿಗೆ ತರಲಿಲ್ಲ. 2007ರಲ್ಲಿ ಅದು ತಾನಾಗಿಯೇ ಅಲ್ಲಿ ಕಾಣಿಸಿಕೊಂಡಿತು.

ಮೊದಲನೆಯ ಚಿಟ್ಟೆಗೆ ಇಂತಹ ಭಾಗ್ಯವಿಲ್ಲ. ಪ್ರಿಸಿಡಿಯೋದ ಸೈನ್ಯದ ನೆಲೆ 1994ರಲ್ಲಿ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಅಲ್ಲಿನ ಮರಳುದಿಬ್ಬಗಳನ್ನು ಮತ್ತೆ ಹಿಂದಿನ ಸ್ಥಿತಿಗೆ ತಂದು, ಡಿಯರ್‌ವೀಡ್ ಮೊದಲಾದ ಗಿಡಗಳನ್ನು ಬೆಳೆಸಿದ್ದಾರೆ. ಮನೆ ಸಿದ್ಧವಾಗಿದೆ, ಆದರೆ ಮನೆಯೊಡೆಯ ಇಲ್ಲ. 2024ರ ವಸಂತದಲ್ಲಿ ಜರ್ಸೀಸ್ ನೀಲಿಗೆ ಸಮೀಪದ ಬಂಧುವಾದ ಬೆಳ್ಳಿನೀಲಿ ಚಿಟ್ಟೆಗಳನ್ನು ಬೇರೊಂದು ಜಿಲ್ಲೆಯಿಂದ ತಂದು ಆ ದಿಬ್ಬಗಳಲ್ಲಿ ಬಿಟ್ಟರು. ಅಳಿದುದು ಮಾಡುತ್ತಿದ್ದ ಕೆಲಸವನ್ನು ಇದಾದರೂ ಮಾಡಲಿ ಎಂಬುದು ಅವರ ಉದ್ದೇಶ. ಇದು ಮೆಚ್ಚತಕ್ಕ ಪ್ರಯತ್ನ. ಆದರೆ ಬಂಧು ಬಂದನೆಂದು ಸತ್ತವನು ಎದ್ದುಬರಲಾರನು.

ಒಂದು ಚಿಟ್ಟೆ ಹೋದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಚಿಟ್ಟೆಗಳು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುತ್ತವೆ. ಅವುಗಳ ಮರಿಹುಳುಗಳು ಹಕ್ಕಿಮರಿಗಳಿಗೆ ಆಹಾರ. ಗಾಳಿ, ನೀರು, ನೆಲಗಳ ಸ್ಥಿತಿ ಕೆಟ್ಟುದನ್ನು ಅವು ಬೇಗನೆ ತಿಳಿಸುತ್ತವೆ. ಆದರೆ ಲಾಭನಷ್ಟದ ಲೆಕ್ಕವನ್ನು ಬದಿಗಿಟ್ಟು ನೋಡುವುದೂ ಅಗತ್ಯ. ಒಂದು ಜಾತಿ ರೂಪುಗೊಳ್ಳಲು ಸಾವಿರಾರು ವರ್ಷಗಳು ಬೇಕು. ಅದನ್ನು ಅಳಿಸಲು ಒಂದು ನಗರಕ್ಕೆ ನೂರು ವರ್ಷ ಸಾಕಾಯಿತು. ತಾನು ಸೃಷ್ಟಿಸಲಾರದುದನ್ನು ನಾಶಮಾಡುವ ಅಧಿಕಾರ ಮನುಷ್ಯನಿಗೆ ಎಲ್ಲಿಯದು?

ದೂರದ ದೇಶದ ಈ ಕಥೆಯಲ್ಲಿ ಕಾಣುವ ನಿಸರ್ಗದ ನಿಯಮ ಎಲ್ಲ ದೇಶಗಳಿಗೂ ಒಂದೇ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು 1972ರಲ್ಲಿ. ಅದರ ಪಟ್ಟಿಯಲ್ಲಿ ಚಿಟ್ಟೆಗಳೂ ಇವೆ. ಬೆಂಗಳೂರಿನ ಬಳಿ ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆಗಳ ಉದ್ಯಾನ ಪ್ರಾರಂಭವಾಯಿತು. ಪಶ್ಚಿಮಘಟ್ಟಗಳ ಕಪ್ಪು, ಹಳದಿ ರೆಕ್ಕೆಗಳ ದೊಡ್ಡ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದೆ. ಅದರ ಮರಿಹುಳುವೂ ಈಶ್ವರಿ ಬಳ್ಳಿಯ ಕುಟುಂಬದ ಗಿಡಗಳನ್ನು ಬಿಟ್ಟು ಬೇರೇನನ್ನೂ ತಿನ್ನದು. ಪಟ್ಟ ಕಟ್ಟಿದ ಮಾತ್ರಕ್ಕೆ ಚಿಟ್ಟೆ ಉಳಿಯುವುದಿಲ್ಲ. ಬಳ್ಳಿ ಉಳಿದರೆ ಚಿಟ್ಟೆ ಉಳಿಯುತ್ತದೆ.

ಕನ್ನಡನಾಡಿನ ಪಟ್ಟಣಗಳೂ ಇಂದು ವೇಗವಾಗಿ ಬೆಳೆಯುತ್ತಿವೆ. ಕೆರೆಯ ಏರಿ, ಊರಂಚಿನ ಹುಲ್ಲುಗಾವಲು, ಶಾಲೆಯ ಹಿಂದಿನ ಕುರುಚಲು, ಎಕ್ಕ ಬೆಳೆದ ಖಾಲಿ ನಿವೇಶನ ಇವೆಲ್ಲ ನೋಡುವವರಿಗೆ ಪಾಳುನೆಲ. ಸಾನ್ ಫ್ರಾನ್ಸಿಸ್ಕೋದ ಮರಳುದಿಬ್ಬಗಳೂ ಅಲ್ಲಿನವರಿಗೆ ಪಾಳುನೆಲವಾಗಿಯೇ ಕಂಡಿದ್ದವು. ಎಲ್ಲವನ್ನೂ ಹಾಗೆಯೇ ಬಿಡಲು ಸಾಧ್ಯವಿಲ್ಲ. ಮನುಷ್ಯರಿಗೂ ಮನೆ ಬೇಕು, ರಸ್ತೆ ಬೇಕು, ಶಾಲೆ ಬೇಕು. ಆದರೆ ಒಂದು ಮೂಲೆಯನ್ನಾದರೂ ಬಿಡಲು ಸಾಧ್ಯ. ಶಾಲೆಯ ಆವರಣದಲ್ಲಿ ಒಂದು ಕರಿಬೇವು, ಒಂದು ಕಕ್ಕೆ, ಬೇಲಿಗೊಂದು ಈಶ್ವರಿ ಬಳ್ಳಿ ಇದ್ದರೆ ಮೂರು ಬಗೆಯ ಚಿಟ್ಟೆಗಳಿಗೆ ಹೆರಿಗೆಯ ಮನೆಯಾಯಿತು. ಎಲೆಯನ್ನು ಹುಳು ತಿಂದಿದೆಯೆಂದು ಔಷಧಿ ಸಿಂಪಡಿಸುವ ಮುನ್ನ ಆ ಹುಳು ಯಾವುದೆಂದು ಬಾಗಿ ನೋಡುವ ಅಭ್ಯಾಸವನ್ನು ಮಕ್ಕಳು ಬೆಳೆಸಿಕೊಂಡರೆ ಅದೇ ದೊಡ್ಡ ರಕ್ಷಣೆ. ಎಲೆ ತೂತಾಗದೆ ಚಿಟ್ಟೆ ಹಾರಲಾರದು.

ಸಾನ್ ಫ್ರಾನ್ಸಿಸ್ಕೋದ ಎರಡು ನೀಲಿ ಚಿಟ್ಟೆಗಳಲ್ಲಿ ಬಲದ ಭೇದವಾಗಲಿ, ಭಾಗ್ಯದ ಭೇದವಾಗಲಿ ಹೆಚ್ಚಿರಲಿಲ್ಲ. ಒಂದರ ನೆಲ ಹೋಗುವಾಗ ಯಾರೂ ಕೇಳಲಿಲ್ಲ; ಇನ್ನೊಂದರ ನೆಲ ಹೋಗುವಾಗ ಕೆಲವರು ಕೇಳಿದರು. ಒಂದು ಜಾತಿಯ ಉಳಿವಿಗೂ ಅಳಿವಿಗೂ ನಡುವೆ ಇದ್ದ ಅಂತರ ಅಷ್ಟೇ.